ಜವೆಗೋದಿ ತರಲು ಹೋಗಿ ಬಾರ್ಲಿ ತಂದವನ ಗೋಧಿ ಮಾರ್ಗದರ್ಶಿ

ನಮ್ಮತ್ತೆ ಬಾಗಲಕೋಟೆ ಕಡೆಯವರು, ನಾನು ಮೈಸೂರು ಸೀಮೆಯವನು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವರು ನಮ್ಮ ಮನೆಗೆ ಬಂದಿದ್ದರು. ಹುಗ್ಗಿ ಮಾಡ್ತೀನಿ, ಒಂದು ಕೆಜಿ ಜವೆಗೋದಿ ತರಿಸಿ ಅಂದರು. ಹುಗ್ಗಿ ಅಂದರೆ ನನಗೆ ಗೊತ್ತಿದ್ದದ್ದು ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ. ಅದಕ್ಕೆ ಗೋಧಿ ಯಾಕೆ ಅಂತ ಅನ್ನಿಸಿತು, ಕೇಳಲಿಲ್ಲ. ಹೊಸ ಅಳಿಯ, ಗೊತ್ತಿಲ್ಲ ಅನ್ನೋಕೆ ನಾಚಿಕೆ. ನಿಘಂಟು ತೆಗೆದು ನೋಡಿದೆ. ಜವೆಗೋಧಿ ಎಂದರೆ ಬಾರ್ಲಿ ಎಂದಿತ್ತು. ಹೋಗಿ ತಂದೆ.

ಅತ್ತೆ ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡರು. "ಇದು ಜವಿಗೋದಿ ಅಲ್ರಿ ಅಳಿಯಾರ, ಬಾರ್ಲಿ ಐತ್ರಿ. ಜ್ವರ ಬಂದವ್ರಿಗೆ ಗಂಜಿ ಕಾಸೋದು."

ನಿಘಂಟು ಸುಳ್ಳು ಹೇಳಿರಲಿಲ್ಲ. ಅತ್ತೆಯ ಮಾತೂ ತಪ್ಪಲ್ಲ. ಗೋಧಿ ಮತ್ತು ಅದರ ಸುತ್ತಲಿನ ಪದಗಳ ಕಷ್ಟವೇ ಇದು. ಒಂದೇ ಪದಕ್ಕೆ ಊರಿಗೊಂದು ಅರ್ಥ, ಒಂದೇ ವಸ್ತುವಿಗೆ ನಾಲ್ಕು ಹೆಸರು. ಆಮೇಲಿನ ವರ್ಷಗಳಲ್ಲಿ ನಾನು ತಪ್ಪು ಮಾಡಿ ಮಾಡಿ ಕಲಿತ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಅಂಗಡಿಗೆ ಹೋಗುವಾಗ, ಪಾಕವಿಧಾನ ಓದುವಾಗ, ಗೋಧಿ ತಿನ್ನಬಾರದ ನೆಂಟರು ಮನೆಗೆ ಬಂದಾಗ ಉಪಯೋಗಕ್ಕೆ ಬರುತ್ತದೆ.

ಮೊದಲನೆಯ ಹೆಜ್ಜೆ: ಇದು ಗೋಧಿಯೇನಾ?

ಹೆಸರಲ್ಲಿ ಗೋಧಿ ಇದ್ದ ಮಾತ್ರಕ್ಕೆ ಅದು ಗೋಧಿ ಆಗಬೇಕಿಲ್ಲ.

ಜವೆಯಿಂದಲೇ ಶುರು ಮಾಡೋಣ. ಸಂಸ್ಕೃತದ ಯವ ಕನ್ನಡದಲ್ಲಿ ಜವೆ ಆಯಿತು. ಅದು ಬಾರ್ಲಿ. ಪುಸ್ತಕದ ಕನ್ನಡದಲ್ಲಿ ಜವೆಗೋಧಿ ಎಂದರೂ ಬಾರ್ಲಿಯೇ. ಕನ್ನಡ ಬೈಬಲ್ಲಿನಲ್ಲಿ ಐದು ರೊಟ್ಟಿ, ಎರಡು ಮೀನಿನ ಕಥೆ ಬರುತ್ತದಲ್ಲ, ಅಲ್ಲಿಯ ರೊಟ್ಟಿ ಜವೆಗೋಧಿಯದು, ಅಂದರೆ ಬಾರ್ಲಿಯದು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ರೈತರು ಜವೆಗೋದಿ ಎನ್ನುವುದು ನಿಜವಾದ ಗೋಧಿಯ ಒಂದು ಹಳೆಯ ಜಾತಿಗೆ. ಅದಕ್ಕೆ ಸದಕ ಎಂಬ ಹೆಸರೂ ಇದೆ. ಹಾಗಾಗಿ ಅಂಗಡಿಯಲ್ಲಿ ಸುಮ್ನೆ ಜವೆಗೋಧಿ ಎನ್ನಬೇಡಿ. ಬಾರ್ಲಿ ಬೇಕಿದ್ದರೆ ಬಾರ್ಲಿ ಎನ್ನಿ. ಹುಗ್ಗಿಗೆ ಬೇಕಿದ್ದರೆ ಸದಕ ಅಥವಾ ಖಪ್ಲಿ ಎನ್ನಿ. ಖಪ್ಲಿ ಮರಾಠಿಯ ಹೆಸರು, ಈಗ ಬೆಂಗಳೂರಿನ ಪೊಟ್ಟಣಗಳ ಮೇಲೂ ಅದೇ ಇರುತ್ತದೆ.

ಎರಡನೆಯದು ಬಕ್‌ವೀಟ್. ಇಂಗ್ಲಿಷ್ ಹೆಸರಿನ ಬಾಲದಲ್ಲಿ ವೀಟ್ ಇದೆ, ಅಷ್ಟೇ. ಗೋಧಿ ಹುಲ್ಲಿನ ಜಾತಿ, ಭತ್ತ ರಾಗಿಗಳ ನೆಂಟ. ಬಕ್‌ವೀಟ್ ಹುಲ್ಲೇ ಅಲ್ಲ, ಅಗಲ ಎಲೆಯ ಗಿಡ. ಅದರ ಕಾಳು ಮೂರು ಮೂಲೆಯದು. ಹಿಂದಿಯಲ್ಲಿ ಕುಟ್ಟು ಎನ್ನುತ್ತಾರೆ. ಉತ್ತರ ಭಾರತದವರು ನವರಾತ್ರಿ ಉಪವಾಸದಲ್ಲಿ ಅದರ ಹಿಟ್ಟಿನ ಪೂರಿ ಮಾಡುತ್ತಾರೆ. ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಧಾನ್ಯವಲ್ಲ. ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟು ಪ್ರೋಟೀನು, ಆಗದವರು ಇದನ್ನು ಗೋಧಿ ಎಂದು ಹೆದರಿ ಬಿಡುವುದೂ ಉಂಟು. ಹೆದರಬೇಕಿಲ್ಲ. ಬೇರೆ ಹಿಟ್ಟು ಬೆರೆತಿದೆಯಾ ಅನ್ನುವುದನ್ನಷ್ಟೇ ನೋಡಿ.

ಮೂರನೆಯದು ಕಾರ್ನ್. ಭಾರತದಲ್ಲಿ, ಅಮೆರಿಕದಲ್ಲಿ ಕಾರ್ನ್ ಎಂದರೆ ಮೆಕ್ಕೆಜೋಳ. ಹಳೆಯ ಬ್ರಿಟಿಷ್ ಇಂಗ್ಲಿಷಿನಲ್ಲಿ ಮಾತ್ರ ಅದು ಧಾನ್ಯ ಎಂಬ ಅರ್ಥ, ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಗೋಧಿಯೇ. ಹೊರದೇಶದ ಧಾನ್ಯದ ಆಮದಿಗೆ ತಡೆ ಹಾಕಲು 1815ರಲ್ಲಿ ಬಂದು 1846ರಲ್ಲಿ ರದ್ದಾದ ಬ್ರಿಟನ್ನಿನ ಕಾರ್ನ್ ಕಾನೂನುಗಳನ್ನು ಮೆಕ್ಕೆಜೋಳದ ಕಾನೂನು ಎಂದು ಅನುವಾದಿಸಿದರೆ ಕಥೆ ಕೆಟ್ಟಿತು. ಧಾನ್ಯ ಕಾನೂನು ಎಂದರೆ ಸರಿ.

ಇನ್ನು ಸಜ್ಜೆ, ಸಜ್ಜಿಗೆ, ಸಜ್ಜಕ. ಕಿವಿಗೆ ಮೂರೂ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ. ಸಜ್ಜೆ ಸಿರಿಧಾನ್ಯ, ಅದರಲ್ಲಿ ಗೋಧಿ ಇಲ್ಲ. ಸಜ್ಜಿಗೆ ಮತ್ತು ಸಜ್ಜಕ ಗೋಧಿ ರವೆಯ ಅಡುಗೆಗಳು. ಅವುಗಳ ವಿಷಯ ಮುಂದೆ ಬರುತ್ತದೆ.

ಗೋಧಿ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಇದು ಸಂಸ್ಕೃತದ ಗೋಧೂಮದಿಂದ ಬಂದದ್ದು. ತೆಲುಗಿನ ಗೋಧುಮ, ತಮಿಳಿನ ಗೋದುಮೈ, ಮಲಯಾಳದ ಗೋದಂಬು, ಮರಾಠಿಯ ಗಹೂ, ಹಿಂದಿಯ ಗೇಹೂಂ ಎಲ್ಲ ಒಂದೇ ಬಳ್ಳಿ. ಪರ್ಷಿಯನ್ನಿನ ಗಂದುಮ್ ಕೂಡ ಇದರ ನೆಂಟ. ಗೋಧೂಮವನ್ನು ಗೋವು ಮತ್ತು ಧೂಮ ಎಂದು ಬಿಡಿಸಿ ಹಸುವಿನ ಹೊಗೆಯ ಕಥೆ ಕಟ್ಟುವವರಿದ್ದಾರೆ, ನಂಬಬೇಡಿ. ಇಂಗ್ಲಿಷಿನ ವೀಟ್ ಬೇರೆ ದಾರಿಯದು. ಅದಕ್ಕೂ ಬಿಳಿ ಎನ್ನುವ ವೈಟ್‌ಗೂ ಮೂಲ ಒಂದೇ. ಅವರು ಹಿಟ್ಟಿನ ಬಿಳುಪು ನೋಡಿ ಹೆಸರಿಟ್ಟರು. ನಾವು ಕಾಳಿನ ಬಣ್ಣ ನೋಡಿ ಗೋಧಿ ಬಣ್ಣ ಅಂದೆವು. ಮದುವೆ ಜಾಹೀರಾತಿನಲ್ಲಿ, ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಗೋಧಿ ಬಣ್ಣ ಬಿಳಿಯಲ್ಲ ಅಲ್ವಾ? ಗೋಧಿ ನಾಗರಹಾವಿನದೂ ಅದೇ ಬಣ್ಣ.

ಬರೆಯುವಾಗ ಗೋಧಿಯೋ ಗೋದಿಯೋ? ಎರಡೂ ನಡೆಯುತ್ತದೆ. ಅಂತರ್ಜಾಲದಲ್ಲಿ ಹುಡುಕುವಾಗ ಮಾತ್ರ ಎರಡನ್ನೂ ಹಾಕಿ ನೋಡಿ. ಉತ್ತರ ಕರ್ನಾಟಕದವರ ಅಡುಗೆಗಳು ಗೋದಿ ಎಂದು ಹುಡುಕಿದರೆ ಜಾಸ್ತಿ ಸಿಗುತ್ತವೆ.

ಎರಡನೆಯ ಹೆಜ್ಜೆ: ಗೋಧಿಯೇ ಹೌದು, ಯಾವ ಗೋಧಿ?

ನಮ್ಮ ದೇಶದಲ್ಲಿ ಬೆಳೆಯುವುದು ಮೂರು ಜಾತಿ. ಬಹುಪಾಲು ಸಾಮಾನ್ಯ ಗೋಧಿ, ಅಂದರೆ ಬ್ರೆಡ್ಡಿನ ಗೋಧಿ. ಎರಡನೆಯದು ಡ್ಯೂರಮ್ ಎಂಬ ಗಡಸು ಗೋಧಿ. ಮೂರನೆಯದು ಅತ್ತೆಯ ಜವೆಗೋದಿ, ಅದನ್ನು ಇಂಗ್ಲಿಷಿನಲ್ಲಿ ಎಮ್ಮರ್ ಎನ್ನುತ್ತಾರೆ.

ಎಮ್ಮರ್ ಮೂವರಲ್ಲಿ ಹಿರಿಯ. ಮನುಷ್ಯ ಮೊದಮೊದಲು ಬಿತ್ತಿ ಬೆಳೆದ ಧಾನ್ಯಗಳಲ್ಲಿ ಅದೂ ಒಂದು. ಸುಮಾರು 10,000 ವರ್ಷ ಹಿಂದೆ, ಪಶ್ಚಿಮ ಏಷ್ಯಾದಲ್ಲಿ. ಡ್ಯೂರಮ್ ಅದರದೇ ಪೀಳಿಗೆ. ಈ ಗುಂಪಿನ ಗೋಧಿ ಒಂದು ಕಾಡುಹುಲ್ಲಿನ ಜೊತೆ ತಾನಾಗಿ ಬೆರೆತು ಸಾಮಾನ್ಯ ಗೋಧಿ ಹುಟ್ಟಿತು. ನಮ್ಮ ಚಪಾತಿ ಮಿದುವಾಗಿ ಉಬ್ಬುವುದರ ಹಿಂದೆ ಆ ಕಾಡುಹುಲ್ಲಿನ ಪಾಲೂ ಇದೆ.

ಜವೆಗೋದಿಯನ್ನು ಗುರುತಿಸುವುದು ಹೊಲದಲ್ಲಿ ಸುಲಭ. ಬೇರೆ ಗೋಧಿ ಬಡಿದರೆ ಕಾಳು ಸಿಪ್ಪೆ ಬಿಟ್ಟು ಬೀಳುತ್ತದೆ. ಇದು ಬೀಳುವುದಿಲ್ಲ, ಭತ್ತದ ಹಾಗೆ ಸಿಪ್ಪೆಯೊಳಗೇ ಕೂತಿರುತ್ತದೆ. ಕುಟ್ಟಬೇಕು ಅಥವಾ ಮಿಲ್ಲಿಗೆ ಹಾಕಬೇಕು. ಅಂಗಡಿಯಲ್ಲಿ ಸಿಪ್ಪೆ ತೆಗೆದದ್ದೇ ಸಿಗುವುದರಿಂದ ಬಣ್ಣ, ಆಕಾರ ನೋಡಿ. ಕಾಳು ಉದ್ದ, ತೆಳು, ಕೆಂಪು ಕಂದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1025, ಡಿಡಿಕೆ 1029 ಮುಂತಾದ ಗಿಡ್ಡ ತಳಿಗಳನ್ನು ಕೊಟ್ಟಿದೆ. ಪೊಟ್ಟಣದ ಮೇಲೆ ಡಿಡಿಕೆ ಎಂದು ಕಂಡರೆ ಅದು ಇದೇ.

ಒಂದು ಎಚ್ಚರ. ಖಪ್ಲಿಗೆ ಈಗ ಬೆಲೆ ಏರಿದೆ, ಅದರ ಜೊತೆಗೆ ಗ್ಲುಟೆನ್ ಇಲ್ಲ ಎಂಬ ಬಾಯಿಮಾತೂ ಓಡಾಡುತ್ತಿದೆ. ಅದು ಸುಳ್ಳು. ಗೋಧಿ ಎಂದಮೇಲೆ ಮೂರರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಕರುಳು ಕೆಡುವ ಕಾಯಿಲೆ, ಇರುವವರಿಗೆ ಮೂರೂ ಬೇಡ, ಬಾರ್ಲಿಯೂ ಬೇಡ.

ಅಂಗಡಿಯಲ್ಲಿ ಕೇಳಿಬರುವ ಇನ್ನೆರಡು ಹೆಸರು ಶರಬತಿ ಮತ್ತು ಲೋಕವನ್. ಶರಬತಿ ಮಧ್ಯಪ್ರದೇಶದ ಸೀಹೋರ್ ಕಡೆಯ ಸಾಮಾನ್ಯ ಗೋಧಿ. ಅದಕ್ಕೆ ಶರಬತ್ತು ಬೆರೆಸಿರುವುದಿಲ್ಲ, ಹೆಸರು ಮಾತ್ರ. ಲೋಕವನ್ ಎಂದು ನಮ್ಮವರು ಹೇಳುವುದು ಲೋಕ್-1 ಎಂಬ ತಳಿಯನ್ನು. ಗುಜರಾತಿನ ಲೋಕಭಾರತಿ ಸಂಸ್ಥೆಯದು, ಅದಕ್ಕೇ ಆ ಹೆಸರು. ಒನ್ ಬಾಯಿಂದ ಬಾಯಿಗೆ ವನ್ ಆಗಿ ಅಂಟಿಕೊಂಡಿತು. ಎರಡೂ ಚಪಾತಿಗೆ ಚೆನ್ನಾಗಿರುತ್ತವೆ, ಬಿಡಿ.

ಹಳೇ ಮೈಸೂರಿನವರಿಗೆ ಈ ಹೆಸರುಗಳೆಲ್ಲ ಅಪರಿಚಿತ ಆಗಿರುವುದರಲ್ಲಿ ಆಶ್ಚರ್ಯ ಇಲ್ಲ. ಅಕ್ಕಿ ತಿಂದವನು ಹಕ್ಕಿ, ಜೋಳ ತಿಂದವನು ತೋಳ, ರಾಗಿ ತಿಂದವನು ನಿರೋಗಿ ಎಂಬ ಗಾದೆಯಲ್ಲಿ ಗೋಧಿಗೆ ಜಾಗವೇ ಇಲ್ಲ, ಗಮನಿಸಿದ್ದೀರಾ? ನಮ್ಮ ಕಡೆ ಅದು ಹೋಳಿಗೆ, ಪೂರಿಯ ದಿನ ಬರುವ ಧಾನ್ಯ. ದಿನಾ ಚಪಾತಿ ತಿನ್ನುವ ಅಭ್ಯಾಸ ಆಮೇಲೆ ಬಂತು. 1966ರಲ್ಲಿ ಸರ್ಕಾರ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿ, ಪಂಜಾಬ್ ಹರಿಯಾಣದ ಫಸಲು ಏರಿ, ಪಡಿತರ ಅಂಗಡಿಯಲ್ಲೂ ಗೋಧಿ ಸಿಗತೊಡಗಿದ ಕಾಲದ ಮಾತು.

ಮೂರನೆಯ ಹೆಜ್ಜೆ: ಕಾಳಿನ ಯಾವ ಭಾಗ?

ಗೋಧಿ ಕಾಳಿನಲ್ಲಿ ಮೂರು ಪಾಲು. ಹೊರಗಿನ ತೌಡು ಸುಮಾರು 14%. ಒಳಗಿನ ಬಿಳಿ ತಿರುಳು ಸುಮಾರು 83%. ಮೂಲೆಯಲ್ಲಿ ಮೊಳಕೆಯ ಚುಕ್ಕಿ, ಸುಮಾರು 3%. ಯಾವುದನ್ನು ಇಟ್ಟರು, ಯಾವುದನ್ನು ತೆಗೆದರು ಎಂದು ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೂರನ್ನೂ ಸೇರಿಸಿ ಬೀಸಿದರೆ ಗೋಧಿ ಹಿಟ್ಟು. ಹಿಂದಿಯ ಆಟಾ ಅದೇ. ತಿರುಳನ್ನಷ್ಟೇ ತೆಗೆದು ನುಣ್ಣಗೆ ಬೀಸಿದರೆ ಮೈದಾ. ಅದೇ ತಿರುಳು ತರಿತರಿಯಾಗಿದ್ದರೆ ರವೆ. ಅಂದರೆ ಬಿಳಿ ರವೆ ಮತ್ತು ಮೈದಾ ಒಂದೇ ಭಾಗದವು, ತರಿಯ ಗಾತ್ರ ಮಾತ್ರ ಬೇರೆ. ಮೈದಾ ಕೆಟ್ಟದ್ದು ಅಂತ ಬಿಟ್ಟು ಬಿಳಿ ರವೆ ಉಪ್ಪಿಟ್ಟು ಬೆನ್ನುಬೆನ್ನಿಗೆ ತಿನ್ನುವವರಿಗೆ ನಾನು ಇದನ್ನು ಹೇಳಿ ಒಂದೆರಡು ಸ್ನೇಹ ಕಳೆದುಕೊಂಡಿದ್ದೇನೆ. ತೌಡು ಮನೆಗೆ ಬರುವುದಿಲ್ಲ, ಬೂಸಾ ಆಗಿ ಕೊಟ್ಟಿಗೆಗೆ ಹೋಗುತ್ತದೆ. ಹಿಂದಿಯವರಿಗೆ ಭೂಸಾ ಎಂದರೆ ಒಣಹುಲ್ಲು, ದನದ ಮೇವಿನ ವಿಷಯ ಮಾತಾಡುವಾಗ ನೆನಪಿರಲಿ.

ಹಿಟ್ಟು ಕಲಸಿದರೆ ಬರುವುದು ಕಣಕ. ಹೋಳಿಗೆಯ ಕಣಕ ಎನ್ನುತ್ತೇವಲ್ಲ, ಅದೇ. ಇದೇ ಪದ ಪಂಜಾಬಿಗೆ ಹೋದರೆ ಕಣಕ್ ಎಂದರೆ ಗೋಧಿ ಬೆಳೆ, ಗೋಧಿ ಕಾಳು. ನಮ್ಮಲ್ಲಿ ಪಾತ್ರೆಯಲ್ಲಿರುವುದು ಅವರಲ್ಲಿ ಹೊಲದಲ್ಲಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಬಟ್ಟಲು ಗೋಧಿ ಹಿಟ್ಟು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೀರಲ್ಲಿ ಮುಳುಗಿಸಿ ಇಡಿ. ಆಮೇಲೆ ನೀರಲ್ಲೇ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಹಲ್ವಕ್ಕೆ, ಹಾಲುಬಾಯಿಗೆ ನೆನೆಸಿದ ಗೋಧಿ ರುಬ್ಬಿ ಹಿಂಡುವ ಗೋಧಿ ಹಾಲಿನಲ್ಲಿ ಇರುವುದೂ ಇದೇ ಪಿಷ್ಟ. ಕೈಯಲ್ಲಿ ಉಳಿಯುವುದು ಬಬ್ಬಲ್‌ಗಮ್ಮಿನಂಥ ಉಂಡೆ, ಎಳೆದಷ್ಟೂ ಬರುತ್ತದೆ. ಅದು ಗ್ಲುಟೆನ್. ಹಿಟ್ಟಿನಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಎಂದು ವಾಟ್ಸಾಪಿನಲ್ಲಿ ಬರುವ ವಿಡಿಯೋಗಳಲ್ಲಿ ತೋರಿಸುವುದೂ ಇದನ್ನೇ. ಅಕ್ಕಿ ಹಿಟ್ಟು, ರಾಗಿ ಹಿಟ್ಟು ಹೀಗೆ ತೊಳೆದರೆ ಕೈಯಲ್ಲಿ ಏನೂ ನಿಲ್ಲುವುದಿಲ್ಲ.

ನಾಲ್ಕನೆಯ ಹೆಜ್ಜೆ: ರವೆಯ ಕಾಡಿನಲ್ಲಿ ದಾರಿ

ಕನ್ನಡಿಗರು ಅತಿ ಹೆಚ್ಚು ಎಡವುವುದು ಇಲ್ಲೇ. ರವೆ ಎಂಬುದು ಧಾನ್ಯದ ಹೆಸರಲ್ಲ, ತರಿಯ ಹೆಸರು. ಹಾಗಾಗಿ ಯಾವ ಧಾನ್ಯದ್ದು ಎಂದು ಮೊದಲು ಕೇಳಿ. ಅಂಗಡಿಯ ಇಡ್ಲಿ ರವೆ ಅಕ್ಕಿಯದು. ಹೋಟೆಲಿನ ರವೆ ಇಡ್ಲಿ ಗೋಧಿಯದು. ಎರಡು ಪದ ಹಿಂದುಮುಂದಾದರೆ ಧಾನ್ಯವೇ ಬದಲು! ಎರಡನೇ ಮಹಾಯುದ್ಧದ ಸಮಯದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಶುರು ಮಾಡಿದೆವು ಎಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಗೋಧಿ ತಿನ್ನಬಾರದವರು ಇಡ್ಲಿ ತಾನೇ ಎಂದು ಅದನ್ನು ತಿಂದರೆ ಕಷ್ಟ.

ಗೋಧಿಯ ರವೆಗಳನ್ನು ನಾನು ಬೆರಳ ತುದಿಯಲ್ಲಿ ಉಜ್ಜಿ ಗುರುತಿಸುತ್ತೇನೆ. ಹಿಟ್ಟಿಗಿಂತ ಒಂದು ಮೆಟ್ಟಿಲು ಮೇಲೆ, ಮುಟ್ಟಿದರೆ ನುಣ್ಣನೆ ಮರಳಿನ ಹಾಗಿದ್ದರೆ ಚಿರೋಟಿ ರವೆ. ಚಿರೋಟಿಗೆ, ಹೋಳಿಗೆಯ ಕಣಕಕ್ಕೆ ಅದು. ಅದರಲ್ಲಿ ಉಪ್ಪಿಟ್ಟು ಮಾಡಿದರೆ ಅಂಟು ಮುದ್ದೆ. ಸ್ವಲ್ಪ ದಪ್ಪ, ಬಿಳಿ ಇದ್ದರೆ ಉಪ್ಪಿಟ್ಟು ರವೆ. ಇದನ್ನೇ ಬಾಂಬೆ ರವೆ, ಮೀಡಿಯಂ ರವೆ ಎನ್ನುವುದು. ಹಿಂದಿಯ ಸೂಜಿ ಕೂಡ ಇದರ ಆಸುಪಾಸಿನದೇ. ತರಿ ದಪ್ಪಗಿದ್ದು ಹಳದಿ ಛಾಯೆ ಇದ್ದರೆ ಬನ್ಸಿ ರವೆ. ಬನ್ಸಿ ಎನ್ನುವುದು ಗಡಸು ಗೋಧಿಯ ಒಂದು ಹಳೆಯ ತಳಿ. ಆ ಗೋಧಿ ಗಾಜಿನ ಹಾಗೆ ಗಟ್ಟಿ, ಅದಕ್ಕೇ ಉಪ್ಪಿಟ್ಟು ಉದುರುದುರಾಗಿ ಬರುತ್ತದೆ. ನೀರು ಮಾತ್ರ ಜಾಸ್ತಿ ಕುಡಿಯುತ್ತದೆ. ಒಂದು ಲೋಟ ಬಾಂಬೆ ರವೆಗೆ ಎರಡೂವರೆ ಲೋಟ ಹಾಕುವವರು ಬನ್ಸಿಗೆ ಮೂರು ಹಾಕಿ.

ಬೆಂಗಳೂರಿನ ಅಂಗಡಿಯಲ್ಲಿ ಗೋಧಿ ರವೆ ಎಂದು ಕೇಳಿದರೆ ಹೆಚ್ಚಾಗಿ ಮೇಲಿನ ಯಾವುದೂ ಬರುವುದಿಲ್ಲ. ಕಂದು ಬಣ್ಣದ, ತೌಡು ಸಮೇತ ಒಡೆದ ಗೋಧಿ ಬರುತ್ತದೆ. ಗೋಧಿ ನುಚ್ಚು ಎನ್ನುವುದೂ ಇದನ್ನೇ. ಹಿಂದಿಯಲ್ಲಿ ದಲಿಯಾ. ಸಕ್ಕರೆ ಕಾಯಿಲೆಯವರಿಗೆ ಗೋಧಿ ರವೆ ತಿನ್ನಿ ಎಂದು ಹೇಳುವುದು ಈ ನುಚ್ಚನ್ನು. ಬಾಂಬೆ ರವೆಯೂ ಗೋಧಿಯದೇ ಎಂಬ ವಾದ ಸರಿ. ಡಾಕ್ಟರ್ ಹೇಳಿದ್ದು ಅದನ್ನಲ್ಲ.

ಮಾಡಿದ ಅಡುಗೆಯ ಹೆಸರುಗಳು ಇನ್ನೂ ತಮಾಷೆ. ಮಂಗಳೂರು, ಉಡುಪಿ ಕಡೆ ಸಜ್ಜಿಗೆ ಎಂದರೆ ಉಪ್ಪಿಟ್ಟು. ಅವಲಕ್ಕಿ ಬೆರೆಸಿ ಸಜ್ಜಿಗೆ ಬಜಿಲ್ ಎಂದು ಬೆಳಿಗ್ಗೆ ತಿನ್ನುತ್ತಾರೆ, ಖಾರ. ಉತ್ತರ ಕರ್ನಾಟಕದಲ್ಲಿ ಸಜ್ಜಕ ಎಂದರೆ ರವೆ, ಬೆಲ್ಲದ ಸಿಹಿ. ನಮ್ಮ ಕೇಸರಿಬಾತು ಅವರಿಗೆ ಶಿರಾ. ಹುಗ್ಗಿಯ ಕಥೆ ಮೊದಲೇ ಹೇಳಿದೆ, ನಮ್ಮದು ಅಕ್ಕಿ ಬೇಳೆಯ ಖಾರ, ಅವರದು ಕುಟ್ಟಿದ ಗೋದಿ ಬೆಲ್ಲದ ಸಿಹಿ. ಕುಟ್ಟಿದ ಎಂದರೆ ಪುಡಿ ಮಾಡಿದ ಎಂದುಕೊಳ್ಳಬೇಡಿ. ಗೋಧಿಗೆ ನೀರು ಚಿಮುಕಿಸಿ, ಒರಳಿನಲ್ಲಿ ಮೇಲಿನ ಸಿಪ್ಪೆ ಬಿಡುವಷ್ಟು ಮಾತ್ರ ಕುಟ್ಟಿ, ಕೇರಿ, ಇಡೀ ಕಾಳನ್ನೇ ಬೇಯಿಸುತ್ತಾರೆ. ಈಗ ಹುಗ್ಗಿ ಗೋದಿ ಎಂದೇ ತಯಾರು ಸಿಗುತ್ತದೆ. ಪಾಕವಿಧಾನ ಯಾವ ಊರಿನವರು ಬರೆದದ್ದು ಎಂದು ನೋಡದೆ ಒಲೆ ಹಚ್ಚಬೇಡಿ.

ಐದನೆಯ ಹೆಜ್ಜೆ: ಹೊರದೇಶದ ಅಂಗಡಿಯಲ್ಲಿ

ಅಮೆರಿಕದಲ್ಲಿರುವ ನನ್ನ ತಂಗಿಗೆ ಬರೆದು ಕೊಟ್ಟ ಚೀಟಿ ಇದು, ಬೇರೆಯವರಿಗೂ ಆದೀತು. ಅಲ್ಲಿ ಪೊಟ್ಟಣದ ಮೇಲೆ ಬರೀ ವೀಟ್ ಫ್ಲೋರ್ ಎಂದಿದ್ದರೆ ಅದು ಬಿಳಿ ಹಿಟ್ಟು, ಮೈದಾದ ಅಣ್ಣ. ಹೋಲ್ ಎಂಬ ಪದ ಮುಂದೆ ಇರಬೇಕು. ಆಲ್ ಪರ್ಪಸ್ ಫ್ಲೋರ್, ಇಂಗ್ಲೆಂಡಿನ ಪ್ಲೇನ್ ಫ್ಲೋರ್ ಎರಡೂ ಮೈದಾದ ಜಾಗಕ್ಕೆ ನಡೆಯುತ್ತವೆ. ಉಪ್ಪಿಟ್ಟಿಗೆ ಕ್ರೀಮ್ ಆಫ್ ವೀಟ್ ಹತ್ತಿರದ್ದು. ಸೆಮೊಲಿನಾ ಎಂದರೆ ಅಲ್ಲಿ ಗಡಸು ಗೋಧಿಯ ಹಳದಿ ರವೆ, ಬನ್ಸಿ ಎಂದುಕೊಂಡು ಬಳಸಿ. ಜವೆಗೋದಿ ಬೇಕಿದ್ದರೆ ಇಟಲಿಯವರ ಫಾರ್ರೋ ಹುಡುಕಿ, ಅದರಲ್ಲಿ ಹೆಚ್ಚಿನದು ಎಮ್ಮರ್. ನಮ್ಮತ್ತೆ ಒಪ್ಪುತ್ತಾರೋ ಇಲ್ಲವೋ, ಹುಗ್ಗಿ ಆಗುತ್ತದೆ.

ಬಲ್ಗರ್ ನೋಡಲು ಗೋಧಿ ನುಚ್ಚಿನ ಹಾಗೇ ಇರುತ್ತದೆ. ಆದರೆ ಅದು ಬೇಯಿಸಿ, ಒಣಗಿಸಿ ಒಡೆದದ್ದು. ನುಚ್ಚಿನ ಲೆಕ್ಕದಲ್ಲಿ ಬೇಯಿಸಿದರೆ ಮುದ್ದೆಯಾಗುತ್ತದೆ. ಕುಸ್‌ಕುಸ್ ಧಾನ್ಯವೇ ಅಲ್ಲ, ರವೆಯನ್ನು ನೀರು ಚಿಮುಕಿಸಿ ಸಣ್ಣ ಸಣ್ಣ ಉಂಡೆ ಕಟ್ಟಿದ್ದು. ಕಾರ್ನ್‌ಫ್ಲೋರ್ ನಮ್ಮಲ್ಲೂ ಇಂಗ್ಲೆಂಡಿನಲ್ಲೂ ಮೆಕ್ಕೆಜೋಳದ ಪಿಷ್ಟ. ಅಮೆರಿಕದಲ್ಲಿ ಅದನ್ನು ಕಾರ್ನ್‌ಸ್ಟಾರ್ಚ್ ಎಂದು ಕೇಳಿ. ಅಲ್ಲಿಯ ಕಾರ್ನ್‌ಫ್ಲೋರ್ ಮೆಕ್ಕೆಜೋಳದ ಹಿಟ್ಟು, ಮಂಚೂರಿ ಕೆಡುತ್ತದೆ.

ಆರನೆಯ ಹೆಜ್ಜೆ: ಪೊಟ್ಟಣ ತಿರುಗಿಸಿ

ಮುಂದಿನ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ. ಮೊದಲು ಬಂದದ್ದೇ ಹೆಚ್ಚು ಇರುವುದು. ಮಲ್ಟಿಗ್ರೇನ್ ಹಿಟ್ಟಿನಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಗೋಧಿಯೇ, ಉಳಿದವು ಚಿಟಿಕೆ ಚಿಟಿಕೆ. ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆಯಲ್ಲೂ ಇದನ್ನು ನೋಡಿ. ಎಷ್ಟೋ ಪೊಟ್ಟಣಗಳಲ್ಲಿ ರಾಗಿಗಿಂತ ಮುಂಚೆ ಗೋಧಿಯೋ ಮೈದಾವೋ ಕೂತಿರುತ್ತದೆ. ರಿಫೈನ್ಡ್ ವೀಟ್ ಫ್ಲೋರ್ ಎಂದರೆ ಮೈದಾ. ಬ್ರೌನ್ ಬ್ರೆಡ್ಡಿನ ಬಣ್ಣ ನೋಡಿ ಮೋಸ ಹೋಗಬೇಡಿ, ಕ್ಯಾರಮೆಲ್ ಎಂದಿದೆಯಾ ಅಥವಾ 150ರಿಂದ ಶುರುವಾಗುವ ಅಂಕಿ ಇದೆಯಾ ನೋಡಿ. ಇದ್ದರೆ ಆ ಕಂದು ಸುಟ್ಟ ಸಕ್ಕರೆಯದು.

ಶ್ಯಾವಿಗೆಯೂ ಎರಡು ಥರ. ಮನೆಯಲ್ಲಿ ಒರಳಿನಲ್ಲಿ ಒತ್ತುವ ಒತ್ತು ಶ್ಯಾವಿಗೆ ಅಕ್ಕಿಯದು. ಪಾಯಸಕ್ಕೆ ಹುರಿಯುವ ಅಂಗಡಿ ಶ್ಯಾವಿಗೆ ಗೋಧಿಯದು.

ಗ್ಲುಟೆನ್ ಆಗದವರಿಗಾಗಿ ಓದುತ್ತಿದ್ದರೆ ಅಲರ್ಜಿಯ ಸಾಲು ಹುಡುಕಿ. ಗೋಧಿ, ರೈ, ಬಾರ್ಲಿ, ಓಟ್ಸ್, ಸ್ಪೆಲ್ಟ್ ಇದ್ದರೆ ಹೇಳಲೇಬೇಕು ಎಂದು ಎಫ್‌ಎಸ್‌ಎಸ್‌ಎಐ, ಅಂದರೆ ನಮ್ಮ ದೇಶದ ಆಹಾರ ಸುರಕ್ಷತೆಯ ಪ್ರಾಧಿಕಾರದ ನಿಯಮ ಇದೆ. ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರುವಂತಿಲ್ಲ.

ಹೋದ ವರ್ಷ ಸೀಲಿಯಾಕ್ ಇರುವ ಹುಡುಗಿಯೊಬ್ಬಳು ನಮ್ಮ ಮನೆಗೆ ಊಟಕ್ಕೆ ಬಂದಳು. ಚಪಾತಿ ಇಲ್ಲ, ರವೆ ಇಲ್ಲ, ಶ್ಯಾವಿಗೆ ಪಾಯಸದ ಬದಲು ಅಕ್ಕಿ ಪಾಯಸ. ಅನ್ನ, ತಿಳಿಸಾರು, ಪಲ್ಯ. ಎಲ್ಲ ಲೆಕ್ಕ ಹಾಕಿದ್ದೆ. ಅವಳು ಸಾರಿನ ಪಾತ್ರೆ ನೋಡಿ ಕೇಳಿದಳು, "ಅಂಕಲ್, ಒಗ್ಗರಣೆಗೆ ಇಂಗು ಹಾಕಿದ್ದೀರಾ?" ಡಬ್ಬಿ ತಂದು ತಿರುಗಿಸಿ ಓದಿದೆವು. ಅಂಗಡಿಯ ಇಂಗು ಶುದ್ಧ ಇಂಗಲ್ಲ, ಹಿಟ್ಟು ಬೆರೆಸಿ ಹದ ಮಾಡಿದ್ದು. ನಮ್ಮ ಡಬ್ಬಿಯಲ್ಲಿ ಇಂಗಿಗಿಂತ ಮುಂಚೆ ಇದ್ದ ಹೆಸರು ಗೋಧಿ ಹಿಟ್ಟು. ಅವಳಿಗೆ ಬೇರೆ ಪಾತ್ರೆಯಲ್ಲಿ ಮತ್ತೆ ಸಾರು ಮಾಡಿದೆ, ಬರೀ ಸಾಸಿವೆ ಕರಿಬೇವು ಹಾಕಿ. ಈಗ ನಮ್ಮನೆಯಲ್ಲಿ ಅಕ್ಕಿ ಹಿಟ್ಟು ಬೆರೆಸಿದ ಇಂಗು ಬರುತ್ತದೆ, ಡಬ್ಬಿಯ ಹಿಂದೆ ನೋಡಿಯೇ ತರುತ್ತೇನೆ.